ಕರಗಿಸುವ ಮದ್ದಿನ ಮೂಲ ಮತ್ತು ಶ್ರಾವಕರ ಮೌನ

ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಹಸಿರು ಚುಕ್ಕೆಯನ್ನು ಹುಡುಕುವವರು, ಗುಳಿಗೆಯ ಕವಚ ಜಿಲೆಟಿನ್ನಿನದೋ ಅಲ್ಲವೋ ಎಂದು ಔಷಧದಂಗಡಿಯಲ್ಲಿ ನಿಂತು ವಿಚಾರಿಸುವವರು, ಗಡ್ಡೆಗೆಣಸುಗಳನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡದವರು ಜೈನ ಸಮಾಜದಲ್ಲಿ ಇಂದಿಗೂ ಕಡಿಮೆಯಿಲ್ಲ. ಇದೇ ಕುಟುಂಬಗಳು ಮುಖಸೌಂದರ್ಯದ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದೊಡನೆ ವಿಚಾರಿಸುವ ಅಭ್ಯಾಸವನ್ನು ಪಾದರಕ್ಷೆಗಳೊಂದಿಗೆ ಹೊರಗೇ ಬಿಡುತ್ತವೆ. ತುಟಿ, ಕೆನ್ನೆ, ಕಣ್ಣಿನ ಕೆಳಗಿನ ಗುಳಿ ಇವುಗಳನ್ನು ತುಂಬಲು ‘ಫಿಲ್ಲರ್’ ಎಂಬ ದ್ರವ್ಯವನ್ನು ಚುಚ್ಚಿಸಿಕೊಳ್ಳುವುದು, ಅದು ಗಂಟಾಗಿಯೋ, ಓರೆಯಾಗಿಯೋ, ಚರ್ಮದಡಿಯಲ್ಲಿ ನೀಲಿ ಛಾಯೆಯಾಗಿಯೋ ಕಂಡಾಗ ಸರಿಪಡಿಸಿಕೊಳ್ಳಲು ಮತ್ತೆ ಅಲ್ಲಿಗೇ ಹೋಗುವುದು ನಗರಗಳ ಅನುಕೂಲಸ್ಥ ಮನೆಗಳಲ್ಲಿ ಈಗ ಅಪರೂಪವಲ್ಲ. ಆ ಎರಡನೆಯ ಭೇಟಿಯಲ್ಲಿ ಮುಖದೊಳಗೆ ಹೋಗುವುದೇನು ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ.

ಮೊದಲ ಚುಚ್ಚುಮದ್ದಿನ ಚರಿತ್ರೆಯೇ ಅಷ್ಟೇನೂ ನಿರ್ಮಲವಲ್ಲ. ಅಮೆರಿಕದಲ್ಲಿ 1981ರಲ್ಲಿ ಅನುಮತಿ ಪಡೆದ ಕಾಲಜನ್ ದನದ ಚರ್ಮದಿಂದ ತೆಗೆದದ್ದು. ಹಯಲುರಾನಿಕ್ ಆಮ್ಲವೆಂಬ, ಚರ್ಮ ಹಾಗೂ ಕೀಲುಗಳಲ್ಲಿ ಸಹಜವಾಗಿಯೇ ಇರುವ ವಸ್ತುವನ್ನು ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಮುಂದೆ ಅದನ್ನು ಹುಂಜದ ಜುಟ್ಟಿನಿಂದ ಪಡೆದು ಫಿಲ್ಲರ್ ಮಾಡಿದ್ದೂ ಉಂಟು. 2003ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ರೆಸ್ಟಿಲೇನ್ ಮೊದಲಾದವು ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಾಗುತ್ತವೆ. ‘ಪ್ರಾಣಿಜನ್ಯವಲ್ಲ’ ಎಂದು ಚಿಕಿತ್ಸಾಲಯದವರು ಹೇಳುವುದು ಈ ಅರ್ಥದಲ್ಲಿ ಸತ್ಯವೇ. (ಸೂಕ್ಷ್ಮಜೀವಿಗಳ ಚರ್ಚೆ ಬೇರೆ, ಮೊಸರು ಉಣ್ಣುವವರು ಅದನ್ನು ಇಲ್ಲಿ ಎತ್ತಬೇಕಾಗಿಲ್ಲ.)

ಆದರೆ ಆ ಸತ್ಯ ಅರ್ಧ ಖಾತೆಯದು. ಇನ್ನರ್ಧ ತಿದ್ದುಪಡಿಯ ಪುಟದಲ್ಲಿದೆ. ಹಯಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸಲು ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚುತ್ತಾರೆ. ಒಂದೆರಡು ದಿನಗಳಲ್ಲಿ ಉಬ್ಬು ಇಳಿಯುತ್ತದೆ. ಈ ಕಿಣ್ವದ ಗುಣ ವಿಜ್ಞಾನಿಗಳ ಗಮನಕ್ಕೆ ಬಂದದ್ದು 1920ರ ದಶಕದ ಕೊನೆಯಲ್ಲಿ, ಪ್ರಾಣಿಗಳ ವೃಷಣದ ಸಾರವನ್ನು ಪರೀಕ್ಷಿಸುವಾಗ. ಅಂದಿನಿಂದ ಅದರ ಸಾಂಪ್ರದಾಯಿಕ ಮೂಲವೂ ಅದೇ. ಅಮೆರಿಕದಲ್ಲಿ ಅನುಮತಿ ಪಡೆದ ವಿಟ್ರೇಸ್ ಕುರಿಯ ವೃಷಣದಿಂದ, ಆಂಫಾಡೇಸ್ ಹೋರಿಯ ವೃಷಣದಿಂದ ತಯಾರಾದವು. ವಧಾಲಯವಿಲ್ಲದೆ ಈ ಕಚ್ಚಾ ಸರಕು ದೊರೆಯದು. ಆಹಾರದ ಪೊಟ್ಟಣದ ಮೇಲಿರುವ ಚುಕ್ಕೆ ಈ ಪುಟ್ಟ ಸೀಸೆಯ ಮೇಲೆ ಇರುವುದಿಲ್ಲ. ಕೇಳದವರಿಗೆ ಯಾರೂ ತಾವಾಗಿ ಹೇಳುವುದೂ ಇಲ್ಲ.

‘ಬೇಡವೆನಿಸಿದರೆ ಕರಗಿಸಿಬಿಡಬಹುದು’ ಎಂಬುದು ಈ ವ್ಯವಹಾರದ ಮುಖ್ಯ ಮಾತು. ಒಪ್ಪಿಗೆಯಾಗದಿದ್ದರೆ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಹೇಳುವ ವರ್ತಕನು ಹಿಂತಿರುಗಿಸುವ ಷರತ್ತುಗಳನ್ನೂ ಮಾರುವ ಮುನ್ನವೇ ತಿಳಿಸಬೇಕೆಂಬುದು ಪೇಟೆಯ ಸಾಮಾನ್ಯ ನೀತಿ. ಇಲ್ಲಿ ಆ ನೀತಿಗೂ ಲೋಪ ಬಂದಿದೆ. ಕಿಣ್ವವು ಹಯಲುರಾನಿಕ್ ಆಮ್ಲವನ್ನು ಮಾತ್ರ ಕರಗಿಸುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಾಲಿಲ್ಯಾಕ್ಟಿಕ್ ಆಮ್ಲ, ದ್ರವರೂಪದ ಸಿಲಿಕೋನ್ ಇವುಗಳ ಮೇಲೆ ಅದರ ಪ್ರಭಾವ ನಡೆಯದು. ಸಿಲಿಕೋನಿನ ಗಂಟನ್ನು ಹಲವು ವೇಳೆ ಕೊಯ್ದೇ ತೆಗೆಯಬೇಕು, ಪೂರ್ತಿ ತೆಗೆಯಲು ಬಾರದಿರುವುದೂ ಉಂಟು. ಜೇನುನೊಣ, ಕಣಜಗಳ ವಿಷದಲ್ಲಿ ಇದೇ ಜಾತಿಯ ಕಿಣ್ವವಿರುವುದರಿಂದ, ಅವುಗಳ ಕಡಿತ ಒಗ್ಗದವರಿಗೆ ಈ ಮದ್ದೂ ಅಪಾಯಕಾರಿಯಾಗಬಹುದು. ಚುಚ್ಚಿದ ಜಾಗದ ಸಹಜ ಆಮ್ಲವೂ ಸ್ವಲ್ಪ ಕರಗುತ್ತದೆ. ದೇಹವು ಅದನ್ನು ಮತ್ತೆ ತುಂಬಿಕೊಳ್ಳುತ್ತದೆಯಾದರೂ, ಆ ನಡುವಿನ ದಿನಗಳಲ್ಲಿ ಮುಖ ಬಾಡಿದಂತೆ ಕಂಡು, ಹೆದರಿದವರು ಮತ್ತೊಮ್ಮೆ ತುಂಬಿಸಿಕೊಳ್ಳಲು ಧಾವಿಸುತ್ತಾರೆ. ತುಂಬುವುದಕ್ಕೊಂದು ಬಿಲ್ಲು, ಕರಗಿಸುವುದಕ್ಕೊಂದು, ಮತ್ತೆ ತುಂಬುವುದಕ್ಕೆ ಮೂರನೆಯದು. ಪರಿಗ್ರಹಕ್ಕೆ ಇಷ್ಟು ಅಚ್ಚುಕಟ್ಟಾದ ಖಾತೆ ಬೇರೆಲ್ಲೂ ಸಿಗಲಾರದು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಫಿಲ್ಲರ್ ಅಕಸ್ಮಾತ್ ರಕ್ತನಾಳದೊಳಗೆ ಸೇರಿ ಹರಿವನ್ನು ತಡೆದರೆ ಚರ್ಮ ಬಿಳಿಚಿ, ಬಲೆಯಂತೆ ಕಪ್ಪುನೀಲಿ ಗೆರೆಗಳು ಮೂಡಿ, ತೀವ್ರ ನೋವು ಬರಬಹುದು. ತಡವಾದರೆ ಆ ಭಾಗದ ಚರ್ಮ ಸಾಯುತ್ತದೆ. ಕಣ್ಣಿನ ನಾಳಕ್ಕೆ ಸೇರಿದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಆ ಗಳಿಗೆಯಲ್ಲಿ ಈ ಕಿಣ್ವವೇ ಪ್ರಮುಖ ಚಿಕಿತ್ಸೆ, ಹೆಚ್ಚಿನ ಪ್ರಮಾಣದಲ್ಲಿ, ಕೂಡಲೇ ಕೊಡತಕ್ಕದ್ದು. ಅಂಥ ಸಮಯದಲ್ಲಿ ಬಾಗಿಲಲ್ಲಿ ನಿಂತು ಸೀಸೆಯ ಮೂಲವನ್ನು ವಿಚಾರಿಸುವ ತಂದೆತಾಯಿಗಳು ಅಹಿಂಸೆಯನ್ನು ಪಾಲಿಸುತ್ತಿಲ್ಲ. ಮಗಳಿಗೆ ಹಿಂಸೆ ಮಾಡುತ್ತಿದ್ದಾರೆ. ವಿಚಾರಿಸುವ ಕಾಲ ಮೊದಲ ಸೂಜಿಗಿಂತ ಮೊದಲಿನದು. ಸೌಂದರ್ಯಕ್ಕಾಗಿ ಫಿಲ್ಲರ್ ಚುಚ್ಚಿಸಿಕೊಳ್ಳಲು ಒಪ್ಪುವವರು, ಬೇಕಾಗಬಹುದಾದ ಆ ಸೀಸೆಗೂ ಅಂದೇ ಒಪ್ಪಿಗೆ ಕೊಟ್ಟಿರುತ್ತಾರೆ, ತಿಳಿದಿರಲಿ, ತಿಳಿಯದಿರಲಿ. ಗೃಹಸ್ಥನ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಗೆ ಶಾಸ್ತ್ರಕಾರರು ಪರಿಸ್ಥಿತಿಯ ರಿಯಾಯಿತಿ ತೋರಿದ್ದಾರೆ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿದವರೂ ಅವರೇ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಂದಿಗೆ ಪ್ರಮಾದವನ್ನು ಸೇರಿಸಿದೆ. ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೇಳದಿರುವುದಕ್ಕೆ ಪ್ರಮಾದವೆಂದಲ್ಲದೆ ಬೇರೆ ಹೆಸರಿಲ್ಲ.

ಇನ್ನು ಇದಕ್ಕೆ ವಿರುದ್ಧವಾದ ಒಂದು ಗುಂಪಿದೆ. ‘ರೂಪದ ಮೋಹಕ್ಕೆ ಬಿದ್ದವರು ಅನುಭವಿಸಲಿ’ ಎಂದು ಬಸದಿಯ ಜಗಲಿಯಲ್ಲಿ ಕುಳಿತು ತೀರ್ಪು ಕೊಡುವವರ ಗುಂಪು. ಇವರಿಗೆ ಸನತ್ಕುಮಾರ ಚಕ್ರವರ್ತಿಯ ಕಥೆ ಬಾಯಿಪಾಠ. ದೇವತೆಗಳೇ ವೈದ್ಯರಾಗಿ ಬಂದರೂ ದೇಹದ ವ್ಯಾಧಿಯ ಚಿಕಿತ್ಸೆಯನ್ನು ಒಲ್ಲದವನು ರಾಜ್ಯವನ್ನು ಬಿಟ್ಟ ಮುನಿ, ಮುಂದಿನ ತಿಂಗಳು ವರನ ಕಡೆಯವರು ಬರುತ್ತಾರೆಂದು ನಡುಗುವ ಇಪ್ಪತ್ತಮೂರರ ಹುಡುಗಿಯಲ್ಲ ಎಂಬುದನ್ನು ಮಾತ್ರ ಅವರು ಮರೆಯುತ್ತಾರೆ. ಅವಳ ಭಾವಚಿತ್ರವನ್ನು ‘ಮುಖ ತುಸು ಸಪ್ಪೆ’ ಎಂದು ಹಿಂದಕ್ಕೆ ಕಳುಹಿಸಿದವರು ಯಾರು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ದೇಹದ ಮದವೂ ಒಂದು. ಸೊಸೆಯನ್ನು ಆರಿಸುವಾಗ ಆ ಮದ ಅತ್ತೆಯಲ್ಲಿ ಕೆಲಸ ಮಾಡುತ್ತದೆ, ಸೂಜಿಯ ನೋವು ಮಾತ್ರ ಹುಡುಗಿಗೆ. ಸಮ್ಯಗ್ದರ್ಶನದ ಅಂಗಗಳೆಂದು ಅದೇ ಆಚಾರ್ಯರು ಹೇಳಿದ ಉಪಗೂಹನ, ಸ್ಥಿತಿಕರಣಗಳು ಜಗಲಿಯ ತೀರ್ಪುಗಾರರಿಗೂ ಅನ್ವಯಿಸುತ್ತವೆ. ಎಡವಿದವರ ದೋಷವನ್ನು ಹರಡದೆ ಮುಚ್ಚುವುದು, ಅವರನ್ನು ಎತ್ತಿ ನಿಲ್ಲಿಸುವುದು ಧರ್ಮವೆಂದಾದರೆ, ಊದಿದ ತುಟಿಯನ್ನು ಸೆರಗಿನಲ್ಲಿ ಮರೆಮಾಡಿ ಪೂಜೆಗೆ ಬರುವವಳನ್ನು ನೋಡಿ ನಗುವುದು ಏನು?

‘ಔಷಧಕ್ಕೆ ಅಪವಾದವಿದೆ’ ಎಂಬ ಸಮಾಧಾನವೂ ಕೇಳಿಬರುತ್ತದೆ. ಸೋಂಕು, ನೋವಿನ ಗಂಟು, ನಾಳದ ತಡೆ ಇವು ವ್ಯಾಧಿಗಳೇ. ಇವುಗಳಿಗೆ ಚಿಕಿತ್ಸೆ ಕೊಡಿಸಲೇಬೇಕು. ಆದರೆ ಎಡಗೆನ್ನೆ ಬಲಗೆನ್ನೆಗಿಂತ ಕೂದಲೆಳೆಯಷ್ಟು ದಪ್ಪವಾಗಿ ಕಂಡದ್ದು ವ್ಯಾಧಿಯಲ್ಲ. ಅಂಥ ಸಂದರ್ಭದಲ್ಲಿ ಕಾಯುವುದೂ ಒಂದು ತಿದ್ದುಪಡಿ. ಈ ಫಿಲ್ಲರ್ ಕಾಲಕ್ರಮದಲ್ಲಿ ತಾನಾಗಿ ಕ್ಷೀಣಿಸುತ್ತದೆ, ಮಾರಾಟದ ಪತ್ರಿಕೆ ಹೇಳುವ ತಿಂಗಳುಗಳಿಗಿಂತ ಹೆಚ್ಚು ಕಾಲ ಹಿಡಿಯಬಹುದಾದರೂ. ಮೊದಲ ವಾರದ ಬಾವು ಇಳಿಯುವ ಮುನ್ನವೇ ಕರಗಿಸಲು ಓಡುವವರಲ್ಲಿ ಅನೇಕರಿಗೆ ಕರಗಿಸುವ ಅಗತ್ಯವೇ ಇರುವುದಿಲ್ಲ.

ಅಗತ್ಯ ಬಿದ್ದವರಿಗೆ ಬೇರೆ ದಾರಿ ಇಲ್ಲವೆಂದೂ ಅಲ್ಲ. ಮಾನವ ಕಿಣ್ವದ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಹೈಲೆನೆಕ್ಸ್‌ಗೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ದೊರೆತಿದೆ. ಅದನ್ನು ಬೆಳೆಸುವುದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳ ಸಂತತಿಯಲ್ಲಿ. ಆದ್ದರಿಂದ ಅದನ್ನೂ ಪೂರ್ಣ ನಿರ್ದೋಷವೆನ್ನಲಾಗದು. ಆದರೂ ಪ್ರತಿ ಸೀಸೆಗೆ ಹೊಸದಾಗಿ ಒಂದು ಪ್ರಾಣಿಯ ಅಂಗ ಬೇಕಿಲ್ಲ. ಈ ಅಂತರ ಸಣ್ಣದಲ್ಲ. ಬೆಲೆ ಹೆಚ್ಚೆಂಬ ಮಾತು ಸಾವಿರಾರು ರೂಪಾಯಿಗಳನ್ನು ತುಟಿಗೆ ಸುರಿದವರ ಬಾಯಲ್ಲಿ ಶೋಭಿಸದು.

ಆಸ್ಪತ್ರೆಗಳನ್ನೂ ವೈದ್ಯಕೀಯ ಶಿಬಿರಗಳನ್ನೂ ನಡೆಸುವ ಟ್ರಸ್ಟುಗಳು ಈ ವಿಷಯದಲ್ಲಿ ನಿರ್ಣಯಗಳನ್ನು ಅಂಗೀಕರಿಸಿ ಕೈತೊಳೆದುಕೊಂಡರೆ ಸಾಲದು. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಮದ್ದು ಬೇಗ ಹರಡಲೆಂದು ಇದೇ ಕಿಣ್ವವನ್ನು ಬೆರೆಸುವ ರೂಢಿ ಬಹುಕಾಲದ್ದು. ಅಂದಮೇಲೆ ವಿಚಾರಣೆ ಟ್ರಸ್ಟುಗಳ ಔಷಧ ದಾಸ್ತಾನಿನಿಂದಲೇ ಆರಂಭವಾಗಬಹುದು: ಕಪಾಟಿನಲ್ಲಿರುವ ಸೀಸೆಯ ಮೂಲ ಯಾವುದು, ಬದಲಿ ಮದ್ದನ್ನು ತರಿಸಲು ಸಾಧ್ಯವೇ, ಎಷ್ಟು ಬೆಲೆಗೆ. ಆ ಉತ್ತರಗಳನ್ನು ಅಚ್ಚುಹಾಕಿಸಿ ಬಸದಿಯ ಫಲಕದಲ್ಲಿ ಅಂಟಿಸಿದರೆ, ಮುಂದಿನ ಮದುವೆಗಳ ಕಾಲಕ್ಕೆ ಮುನ್ನ ಚಿಕಿತ್ಸಾಲಯಗಳಿಗೆ ಹೋಗುವವರ ಕೈಯಲ್ಲಿ ಕೇಳಬೇಕಾದ ಪ್ರಶ್ನೆಗಳಾದರೂ ಇರುತ್ತವೆ.