ಬಿಲ್ಲಿನ ಗುಟ್ಟು ಮಂಚದ ಬಾಡಿಗೆಯಲ್ಲಿ

ಆರೋಗ್ಯ ವಿಮೆಯ ಪಾಲಿಸಿ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ವಿಮಾ ಮೊತ್ತದ ಮೇಲೆ. 3 ಲಕ್ಷ, 5 ಲಕ್ಷ, 10 ಲಕ್ಷ. ಏಜೆಂಟರು ಹೇಳುವುದೂ ಅದನ್ನೇ, ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರಿಗೊಬ್ಬರು ಹೋಲಿಸಿ ನೋಡುವುದೂ ಅದನ್ನೇ. ಆದರೆ ಡಿಸ್ಚಾರ್ಜ್ ದಿನ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ಬಹಳ ಸಲ ತೀರ್ಮಾನಿಸುವ ಸಂಖ್ಯೆ ಬೇರೆಯೇ ಇದೆ. ಅದು ಪಾಲಿಸಿಯ ಒಳಪುಟದಲ್ಲೆಲ್ಲೋ ಸಣ್ಣಕ್ಷರದಲ್ಲಿ ಕುಳಿತಿರುತ್ತದೆ: ದಿನಕ್ಕೆ ಇಷ್ಟು ಎಂಬ ರೂಮ್ ಬಾಡಿಗೆಯ ಮಿತಿ. ಅದನ್ನು ಓದದೆ ಇದ್ದದ್ದು ರೋಗಿಯ ತಪ್ಪು ಎಂದು ನಾವು ಬೇಗ ತೀರ್ಪು ಕೊಟ್ಟುಬಿಡುತ್ತೇವೆ. ಓದಿದ್ದರೂ ಅರ್ಧ ಲೆಕ್ಕವಷ್ಟೇ ಸಿಗುತ್ತಿತ್ತು, ಉಳಿದರ್ಧ ಆಸ್ಪತ್ರೆಯ ದರಪಟ್ಟಿಯಲ್ಲಿದೆ, ಆ ದರಪಟ್ಟಿ ರೋಗಿಯ ಕೈಗೆ ಬರುವುದಿಲ್ಲ. ವಿಮಾ ಕಂಪನಿಗಳನ್ನು ಎಷ್ಟು ತಿದ್ದಿದರೂ ಆ ಇನ್ನರ್ಧ ತೆರೆಯದ ಹೊರತು ವಿಮೆ ಅರ್ಥವಾಗುವ ವಸ್ತುವಾಗುವುದಿಲ್ಲ ಎಂಬುದು ನನ್ನ ವಾದ.

ಒಂದು ಲೆಕ್ಕ ಹಾಕೋಣ. 3 ಲಕ್ಷ ರೂಪಾಯಿಯ ಪಾಲಿಸಿ, ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇ. 1ರ ಮಿತಿ, ಅಂದರೆ ದಿನಕ್ಕೆ 3,000. ಹಳೆಯ ಪಾಲಿಸಿಗಳಲ್ಲಿ ಇದು ತೀರಾ ಸಾಮಾನ್ಯ ಷರತ್ತು. ಜನರಲ್ ವಾರ್ಡು ಬೇಡವೆಂದೋ, ಬೇರೆ ಹಾಸಿಗೆ ಖಾಲಿ ಇಲ್ಲವೆಂದೋ ರೋಗಿ ದಿನಕ್ಕೆ 6,000 ರೂಪಾಯಿಯ ರೂಮಿಗೆ ಸೇರುತ್ತಾರೆ. 5 ದಿನಕ್ಕೆ ಬಾಡಿಗೆ 30,000. ಅರ್ಧ ವಿಮೆಯಿಂದ ಬರುತ್ತದೆ, ಇನ್ನು 15,000 ನಾವು ಹಾಕಿದರಾಯಿತು ಎಂದು ಮನೆಯವರು ಅಂದುಕೊಂಡಿರುತ್ತಾರೆ. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಸರ್ಜನ್ ಫೀಸು, ಅರಿವಳಿಕೆ ವೈದ್ಯರ ಫೀಸು, ಆಪರೇಷನ್ ಥಿಯೇಟರ್, ಡಾಕ್ಟರ ವಿಸಿಟ್, ನರ್ಸಿಂಗ್ ಎಲ್ಲ ಸೇರಿ 1,40,000 ಆಗಿದ್ದರೆ ಅದೂ ಅರ್ಧಕ್ಕೆ ಇಳಿಯುತ್ತದೆ. ಏಕೆಂದರೆ ನಿಮಗೆ ಅರ್ಹತೆ ಇದ್ದದ್ದು ಅರ್ಧ ಬಾಡಿಗೆಯ ರೂಮಿಗೆ. ವಿಮೆಯವರು ಇದನ್ನು ಪ್ರಪೋರ್ಷನೇಟ್ ಡಿಡಕ್ಷನ್ ಎನ್ನುತ್ತಾರೆ, ಅನುಪಾತದ ಕಡಿತ. 15,000 ಎಂದುಕೊಂಡಿದ್ದವರು ಕಟ್ಟಬೇಕಾದದ್ದು 85,000. ಇಡೀ ಬಿಲ್ಲು 3 ಲಕ್ಷದೊಳಗೇ ಇದ್ದರೂ ಹೀಗೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಮತ್ತು ಐಸಿಯು ಚಾರ್ಜಿಗೆ ಈ ಕತ್ತರಿ ಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2020ರಲ್ಲಿ ಹೇಳಿದ್ದರಿಂದ ನಷ್ಟ ಇಷ್ಟಕ್ಕೆ ನಿಂತಿತು.

ಕ್ಲೇಮು ತಿರಸ್ಕಾರವಾದ ಕಥೆಗಳು ಸುದ್ದಿಯಾಗುತ್ತವೆ, ಕ್ಲೇಮು ಸವೆದ ಕಥೆಗಳು ಆಗುವುದಿಲ್ಲ. ಐಆರ್‌ಡಿಎಐಯ 2023-24ರ ವಾರ್ಷಿಕ ವರದಿ ನೋಡಿದರೆ ಎರಡನೆಯದೇ ದೊಡ್ಡದು. ಆ ವರ್ಷ ಕಂಪನಿಗಳ ಮುಂದಿದ್ದ ಆರೋಗ್ಯ ಕ್ಲೇಮುಗಳ ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಕೊಟ್ಟದ್ದು ಅದರಲ್ಲಿ ಶೇ. 71ರಷ್ಟು. ಪೂರ್ತಿ ತಿರಸ್ಕರಿಸಿದ್ದು ಸುಮಾರು 11,000 ಕೋಟಿ. ಪಾಲಿಸಿಯ ಷರತ್ತಿನ ಪ್ರಕಾರ ಕೊಡಲಾಗದು ಎಂದು ಬಿಟ್ಟದ್ದು ಸುಮಾರು 15,000 ಕೋಟಿ. ಇದೆಲ್ಲವೂ ರೂಮ್ ಬಾಡಿಗೆಯ ಪಾಪವಲ್ಲ. ಕೋ-ಪೇ, ಕಾಯಿಲೆವಾರು ಮಿತಿ, ಇನ್ನೂ ಮುಗಿಯದ ಕಾಯುವ ಅವಧಿ, ಇವಕ್ಕೂ ಪಾಲುಂಟು. ಆದರೂ ಎಣಿಕೆ ಒಂದು ಮಾತು ಹೇಳುತ್ತದೆ. ಜನ ಹೆದರುವುದು ‘ಇಲ್ಲ’ ಎಂಬ ಪತ್ರಕ್ಕೆ. ಹೆಚ್ಚು ಹಣ ಸೋರುವುದು ‘ಷರತ್ತಿನ ಪ್ರಕಾರ’ ಎಂಬ ಪದದಲ್ಲಿ.

ಇಲ್ಲಿ ವಿಮಾ ಕಂಪನಿಯನ್ನು ಬೈಯುವುದು ಸುಲಭ. ಆದರೆ ಅವರ ತರ್ಕ ಹುರುಳಿಲ್ಲದ್ದಲ್ಲ. ನೀವು ನಿಮ್ಮ ಮಿತಿಯೊಳಗಿನ ರೂಮಿಗೆ ಸೇರಿದ್ದರೆ ಆಸ್ಪತ್ರೆ ಸರ್ಜನ್ ಫೀಸನ್ನೂ ಕಡಿಮೆಯೇ ಹಾಕುತ್ತಿತ್ತು, ನಾವು ಅಷ್ಟನ್ನು ಮಾತ್ರ ಕೊಡುತ್ತೇವೆ ಎನ್ನುತ್ತಾರೆ. ಮಾತು ನಿಜ. ನಮ್ಮ ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಅದೇ ಸರ್ಜನ್, ಅದೇ ಥಿಯೇಟರ್, ಅದೇ ಹರ್ನಿಯಾ. ಜನರಲ್ ವಾರ್ಡಿನವರಿಗೆ ಒಂದು ದರ, ಸೆಮಿ ಪ್ರೈವೇಟಿಗೆ ಇನ್ನೊಂದು, ಡೀಲಕ್ಸಿಗೆ ಮತ್ತೊಂದು. ದರ ಅಳೆಯುವ ಗಜಕಡ್ಡಿ ಹೊಟ್ಟೆಯೊಳಗಿನ ಕಾಯಿಲೆಯಲ್ಲ, ಬೆನ್ನ ಕೆಳಗಿನ ಮಂಚ. ಅದಕ್ಕೇ 2020ರ ಆ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ರೂಮಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಗಳಲ್ಲಿ ಅನುಪಾತದ ಕಡಿತ ಮಾಡುವಂತಿಲ್ಲ. ಅರ್ಥಾತ್ ನಿಮ್ಮ ಪಾಲಿಸಿ ಎಷ್ಟು ಕೊಡುತ್ತದೆ ಎಂಬುದು ಪಾಲಿಸಿಯಲ್ಲಿಲ್ಲ, ಆಸ್ಪತ್ರೆಯ ಬಿಲ್ಲಿಂಗ್ ಪದ್ಧತಿಯಲ್ಲಿದೆ. ಹೋಟೆಲಿನಲ್ಲಿಯೂ ಒಂದೇ ಮಸಾಲೆ ದೋಸೆಗೆ ಕೆಳಗಿನ ಹಾಲಿನಲ್ಲಿ ಒಂದು ದರ, ಎಸಿ ಹಾಲಿನಲ್ಲಿ ಇನ್ನೊಂದು. ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಎರಡೂ ದರ ಗೋಡೆಯ ಬೋರ್ಡಿನಲ್ಲೋ ಮೆನು ಕಾರ್ಡಿನಲ್ಲೋ ಇರುತ್ತದೆ, ಮೆಟ್ಟಿಲು ಹತ್ತುವ ಮೊದಲೇ ಗೊತ್ತಾಗುತ್ತದೆ, ಬೇಡವಾದರೆ ಕೆಳಗೇ ನಿಂತು ತಿನ್ನಬಹುದು.

ಆಸ್ಪತ್ರೆಯವರ ಸಮರ್ಥನೆಯನ್ನೂ ಕೇಳಬೇಕು. ಪ್ರೈವೇಟ್ ರೂಮಿನವರಿಂದ ಹೆಚ್ಚು ತೆಗೆದುಕೊಂಡರಷ್ಟೇ ಜನರಲ್ ವಾರ್ಡಿನವರಿಗೆ ಕಡಿಮೆಗೆ ಮಾಡಲು ಸಾಧ್ಯ, ಉಳ್ಳವರ ಹಣದಲ್ಲಿ ಇಲ್ಲದವರ ಚಿಕಿತ್ಸೆ ನಡೆಯುತ್ತದೆ ಎಂಬುದು ಅವರ ವಾದ. ಕೆಲವು ಕಡೆ, ಮುಖ್ಯವಾಗಿ ಟ್ರಸ್ಟ್ ಆಸ್ಪತ್ರೆಗಳಲ್ಲಿ, ಇದು ಪ್ರಾಮಾಣಿಕವಾಗಿಯೇ ನಡೆಯುತ್ತಿದೆ. ಅದನ್ನು ಕೆಡಿಸಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಆ ಹೆಚ್ಚಿನ ಹಣವನ್ನು ರೂಮ್ ಬಾಡಿಗೆಯಲ್ಲೇ ನೇರವಾಗಿ ಸೇರಿಸಿದರೆ ರೋಗಿಗೆ ಕಾಣುತ್ತದೆ, ಬೇಕೋ ಬೇಡವೋ ಎಂದು ಯೋಚಿಸಬಹುದು. ಆಪರೇಷನ್ ಫೀಸಿನೊಳಗೆ ಬಚ್ಚಿಟ್ಟರೆ ಅದು ದಾನವೂ ಅಲ್ಲ, ದರವೂ ಅಲ್ಲ. ಅಲ್ಲದೆ 3 ಲಕ್ಷದ ಪಾಲಿಸಿ ಹಿಡಿದು ಬಂದವರು ಉಳ್ಳವರು ಎಂಬ ಎಣಿಕೆಯೇ ತಪ್ಪು. ಬೇರೆ ಹಾಸಿಗೆ ಇಲ್ಲ ಎಂದು ಕೇಳಿ ರಾತ್ರಿ ಹನ್ನೊಂದಕ್ಕೆ ತಲೆಯಾಡಿಸಿದ ಗಾರ್ಮೆಂಟ್ಸ್ ಸೂಪರ್‌ವೈಸರನ್ನು ಶ್ರೀಮಂತರ ಸಾಲಿಗೆ ಸೇರಿಸಿ ಬಡವರ ಲೆಕ್ಕ ಸರಿದೂಗಿಸುವುದು ವಿಚಿತ್ರ ನ್ಯಾಯ.

ಪಾಲಿಸಿ ಓದಿಕೊಳ್ಳಬೇಕಿತ್ತು ಎಂಬ ಮಾತಿಗೆ ಬರೋಣ. ಸರ್ಕಾರಿ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ತಂದಂದಿನಿಂದ ಗ್ರಾಹಕರಿಗೆ ಹೇಳುತ್ತ ಬಂದಿರುವುದು ಇದನ್ನೇ. ಈಚೆಗೆ ಓದುವುದು ಸ್ವಲ್ಪ ಸುಲಭವೂ ಆಗಿದೆ. 2024ರ ಜನವರಿಯಿಂದ ಪ್ರತಿ ಪಾಲಿಸಿಯ ಜೊತೆ ಪರಿಷ್ಕೃತ ಮಾಹಿತಿ ಹಾಳೆ ಕೊಡಬೇಕು. ಮಿತಿಗಳು, ಕಾಯುವ ಅವಧಿ, ಏನು ಸೇರಿಲ್ಲ ಎಂಬುದೆಲ್ಲ ಅದರಲ್ಲಿ ಸರಳವಾಗಿರಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆದವರು ಎಷ್ಟು ಜನರೋ! ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 4 ವರ್ಷ ಇದ್ದದ್ದು 3 ವರ್ಷಕ್ಕೆ ಇಳಿದಿದೆ. 5 ವರ್ಷ ಬಿಡದೆ ಕಂತು ಕಟ್ಟಿದ ಮೇಲೆ, ವಂಚನೆ ರುಜುವಾತಾಗದ ಹೊರತು, ನೀವು ಅದನ್ನು ಹೇಳಿರಲಿಲ್ಲ ಎಂದು ಕ್ಲೇಮು ತಳ್ಳುವಂತಿಲ್ಲ. ಇವೆಲ್ಲ ಒಳ್ಳೆಯ ಸುಧಾರಣೆಗಳು, ಓದಿದವರಿಗೆ ಲಾಭವಿದೆ. ಆದರೆ ‘ದಿನಕ್ಕೆ 3,000’ ಎಂದು ಓದಿ ಬಾಯಿಪಾಠ ಮಾಡಿದವರಿಗೂ ಈ ಊರಿನ ಈ ಆಸ್ಪತ್ರೆಯಲ್ಲಿ 3,000ದೊಳಗೆ ಯಾವ ರೂಮು ಸಿಗುತ್ತದೆ, ಅಲ್ಲಿ ಆಪರೇಷನ್ನಿಗೆ ಎಷ್ಟು, ಪಕ್ಕದ ರೂಮಿನಲ್ಲಿ ಎಷ್ಟು ಎಂದು ತಿಳಿಯುವ ದಾರಿಯಿಲ್ಲ. ನೀರಿನಲ್ಲಿರುವ ಎಮ್ಮೆಗೆ ದಡದ ಮೇಲೆ ವ್ಯಾಪಾರ ಮಾಡಿದಂತೆ.

ಸಣ್ಣಪುಟ್ಟ ಬಾಬತ್ತುಗಳಲ್ಲಿ ಈ ಬಿರುಕು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವಿಮೆಯಲ್ಲಿ ಕೊಡದ 68 ವಸ್ತುಗಳ ಪಟ್ಟಿಯೊಂದಿದೆ: ಡಯಾಪರ್, ಕ್ರೇಪ್ ಬ್ಯಾಂಡೇಜು, ಮಿನರಲ್ ನೀರು ಇತ್ಯಾದಿ. ಅದರ ಜೊತೆಗೇ ಇನ್ನೊಂದು ಪಟ್ಟಿ: ಇವು ರೂಮ್ ಬಾಡಿಗೆಯಲ್ಲೇ ಸೇರಿಹೋಗಬೇಕು, ಬೇರೆಯಾಗಿ ಲೆಕ್ಕ ಹಾಕಬಾರದು ಎಂಬುದು. ಫೈಲು ತೆರೆದ ಚಾರ್ಜು, ಸಂದರ್ಶಕರ ಪಾಸು, ಅಡ್ಮಿಷನ್ ಕಿಟ್, ದಾಖಲೆ ತಯಾರಿಕೆ, ಚಪ್ಪಲಿ, ಬಾಚಣಿಗೆ ಕೂಡ ಅದರಲ್ಲಿವೆ. ಓದಲು ಚೆಂದ. ಆಸ್ಪತ್ರೆ ಇವನ್ನು ಬೇರೆಯಾಗಿಯೇ ಬಿಲ್ಲಿನಲ್ಲಿ ಹಾಕಿದರೆ ಏನಾಗುತ್ತದೆ? ವಿಮಾ ಕಂಪನಿ ಪಟ್ಟಿ ತೋರಿಸಿ ಕೊಡುವುದಿಲ್ಲ ಎನ್ನುತ್ತದೆ. ಕೌಂಟರಿನಲ್ಲಿ ನಿಂತವರು ಕಟ್ಟುತ್ತಾರೆ. ಏಕೆಂದರೆ ಐಆರ್‌ಡಿಎಐಯ ಕೈ ವಿಮಾ ಕಂಪನಿಯ ಬಾಗಿಲವರೆಗೆ ಮಾತ್ರ. ಆಸ್ಪತ್ರೆ ಅದರ ಅಧಿಕಾರದಲ್ಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದಕ್ಕೆ ಇದಕ್ಕಿಂತ ಸರಿಯಾದ ಕಡತ ಸಿಗಲಾರದು.

ಚಿಕಿತ್ಸೆಯ ಬೆಲೆಯನ್ನು ಮೊದಲೇ ಹೇಳಲು ಸಾಧ್ಯವಿಲ್ಲ, ಒಂದೊಂದು ದೇಹ ಒಂದೊಂದು ರೀತಿ ಎಂಬ ಆಕ್ಷೇಪ ವೈದ್ಯರಿಂದ ಬರುತ್ತದೆ. ಸೋಂಕು ಏರಿದ ನ್ಯುಮೋನಿಯಾಕ್ಕೆ, ಅಪಘಾತಕ್ಕೆ ಈ ಮಾತು ಒಪ್ಪುವಂಥದ್ದೇ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆ, ಸಿಸೇರಿಯನ್ನಿಗೆ ಒಪ್ಪುವುದಿಲ್ಲ. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಕರ್ನಾಟಕದಲ್ಲಿ ಯಶಸ್ವಿನಿ ಶುರುವಾದಾಗ ಆಸ್ಪತ್ರೆಗಳೊಂದಿಗೆ ಮಾಡಿಕೊಂಡದ್ದು ಇದೇ ಒಪ್ಪಂದ: ಇಂಥ ಶಸ್ತ್ರಚಿಕಿತ್ಸೆಗೆ ಇಂತಿಷ್ಟು, ಒಂದೇ ಪ್ಯಾಕೇಜ್. 2018ರಲ್ಲಿ ನಿಂತ ಯೋಜನೆ ಮತ್ತೆ ಶುರುವಾಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ್ದೂ ಅದೇ ಪದ್ಧತಿ. ಆ ದರ ಸಾಲದು ಎಂದು ಆಸ್ಪತ್ರೆಗಳು ದೂರುವುದುಂಟು, ದೂರಿನಲ್ಲಿ ಸತ್ಯಾಂಶವೂ ಇರಬಹುದು. ಆದರೆ ದರ ಸಾಲದು ಎನ್ನುವುದು ಬೇರೆ, ದರ ಹೇಳಲಾಗದು ಎನ್ನುವುದು ಬೇರೆ. ಅಷ್ಟೇಕೆ, ಕ್ಯಾಶ್‌ಲೆಸ್ ಸೌಲಭ್ಯಕ್ಕಾಗಿ ಪ್ರತಿ ವಿಮಾ ಕಂಪನಿಯೂ ತನ್ನ ನೆಟ್‌ವರ್ಕ್ ಆಸ್ಪತ್ರೆಯ ಜೊತೆ ದರದ ಒಪ್ಪಂದ ಮಾಡಿಕೊಂಡಿರುತ್ತದೆ. ಯಾವ ರೂಮಿಗೆ ಯಾವ ಆಪರೇಷನ್ನಿಗೆ ಎಷ್ಟು ಎಂದು ಬರೆದಿಟ್ಟ ಕಾಗದ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಕಂಪ್ಯೂಟರಿನಲ್ಲಿದೆ, ಕಂಪನಿಯ ಪರವಾಗಿ ಕ್ಲೇಮು ನೋಡುವ ಟಿಪಿಎಯಲ್ಲಿದೆ. ಆ ಹಣ ಕಟ್ಟುವವರಿಗೆ ಮಾತ್ರ ಅದು ಕಾಣುವುದಿಲ್ಲ.

ಹಾಗಾದರೆ ರೂಮ್ ಮಿತಿ ಇಲ್ಲದ ಪಾಲಿಸಿಯನ್ನೇ ಕೊಂಡರಾಯಿತಲ್ಲ ಎಂದು ಬಲ್ಲವರು ಹೇಳುತ್ತಾರೆ. ವೈಯಕ್ತಿಕವಾಗಿ ಸರಿಯಾದ ಸಲಹೆ. ಕೊಳ್ಳುವ ಶಕ್ತಿ ಇದ್ದವರು ಹಾಗೇ ಮಾಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿ ಹೋಗಿರುವುದೂ ಒಂದು ಅನುಕೂಲ. ಆದರೆ ಇದು ಊರಿಗೆಲ್ಲ ಒಪ್ಪುವ ಪರಿಹಾರವಲ್ಲ. ಮಿತಿ ತೆಗೆದರೆ ರೂಮಿನ ದರವೂ ಅದಕ್ಕೆ ಗಂಟುಬಿದ್ದ ಆಪರೇಷನ್ ದರವೂ ಕ್ಲೇಮಿನಲ್ಲಿ ಹೋಗುತ್ತವೆ, ಮುಂದಿನ ವರ್ಷಗಳಲ್ಲಿ ಕಂತಿನಲ್ಲಿ ವಾಪಸು ಬರುತ್ತವೆ. ಹಿರಿಯ ನಾಗರಿಕರ ಕಂತನ್ನು ತನ್ನೊಂದಿಗೆ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಡಿ ಎಂದು ಐಆರ್‌ಡಿಎಐ 2025ರ ಜನವರಿಯಲ್ಲಿ ಆದೇಶಿಸಬೇಕಾಗಿ ಬಂತು. ಏರಿಕೆ ಎಷ್ಟು ಬಿರುಸಾಗಿತ್ತು ಎಂಬುದಕ್ಕೆ ಆ ಆದೇಶವೇ ಪ್ರಮಾಣ.

ಆಸ್ಪತ್ರೆಗಳ ಮೇಲೆ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ದರಗಳನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸಬೇಕು ಎಂಬ ಕಟ್ಟಳೆ ಅದರಲ್ಲೇ ಉಂಟು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಇದಕ್ಕೆ ತಿದ್ದುಪಡಿ ತಂದು ದರ ನಿಗದಿ ಮಾಡಲು ಹೊರಟರು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಬೆಳಗಾವಿ ಅಧಿವೇಶನದ ಹೊತ್ತಿಗೆ ಮಸೂದೆ ಮೆತ್ತಗಾಯಿತು, ಸರ್ಕಾರ ನಿಗದಿ ಮಾಡುವ ದರ ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಸೀಮಿತವಾಯಿತು. ಆ ಜಗಳದಲ್ಲಿ ಎರಡೂ ಕಡೆಯವರು ದರ ಯಾರು ನಿಗದಿ ಮಾಡಬೇಕು ಎಂಬುದಕ್ಕೇ ಜೋತುಬಿದ್ದರು. ದರ ಯಾರೇ ನಿಗದಿ ಮಾಡಲಿ, ಹೇಳಿ ನಿಗದಿ ಮಾಡಲಿ ಎಂಬ ಸಣ್ಣ ಬೇಡಿಕೆ ಕೂಗಿನಲ್ಲಿ ಕೇಳಿಸಲಿಲ್ಲ. ಕನ್ಸಲ್ಟೇಷನ್ ಫೀಸು, ಎಕ್ಸ್-ರೇ ದರದ ಬೋರ್ಡು ತೂಗುಹಾಕಿದರೆ ಕಾನೂನು ಪಾಲಿಸಿದಂತೆ ಆಗಬಾರದು. ರೂಮುವಾರು ಆಪರೇಷನ್ ದರ, ರೂಮು ಬದಲಾದರೆ ಏನೇನು ಬದಲಾಗುತ್ತದೆ ಎಂಬುದು, ಕನ್ನಡದಲ್ಲಿ ಅಡ್ಮಿಷನ್ ಕೌಂಟರಿನಲ್ಲಿ ಇರಬೇಕು. ಇದಕ್ಕೆ ಯಾವ ಆಸ್ಪತ್ರೆಯೂ ಒಂದು ರೂಪಾಯಿ ದರ ಇಳಿಸಬೇಕಿಲ್ಲ, ಹಾಗಾಗಿ ಮುಷ್ಕರಕ್ಕೆ ಕಾರಣವೂ ಇಲ್ಲ.

ವಿಮೆಯವರಿಗೆ ಈಗ ಗಡಿಯಾರ ಕಟ್ಟಿಯಾಗಿದೆ. 2024ರ ಮೇ ತಿಂಗಳ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ ಉತ್ತರ ಕೊಡಬೇಕು. ತಡವಾದದ್ದರಿಂದ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಕಡಿತ ಅನ್ಯಾಯವೆನಿಸಿದರೆ ಮೊದಲು ಕಂಪನಿಗೆ ಬರೆದು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಖರ್ಚಿಲ್ಲದೆ ದೂರು ಕೊಡಬಹುದು. ಅಲ್ಲೂ ವಿಚಾರಣೆಗೆ ಬರುವುದು ಕಂಪನಿಯ ನಡೆ ಮಾತ್ರ, ಆಸ್ಪತ್ರೆಯ ಬಿಲ್ಲಲ್ಲ. ಇನ್ನು 1 ಗಂಟೆಯಲ್ಲಿ ಬರುವ ಮೊದಲ ಅನುಮತಿ ಪೂರ್ತಿ ಬಿಲ್ಲಿಗೆ ಕೊಟ್ಟ ಒಪ್ಪಿಗೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಕಡಿತದ ಲೆಕ್ಕ ನಡೆಯುವುದು ಕೊನೆಯ ಬಿಲ್ಲಿನ ಮೇಲೆ, ಹೊಲಿಗೆ ಹಾಕಿದ ಮೇಲೆ, ರೂಮು ಬದಲಿಸುವ ಅವಕಾಶ ಮುಗಿದ ಮೇಲೆ. ಅಡ್ಮಿಷನ್ ವೇಳೆ ಸಹಿ ಹಾಕಿಸಿಕೊಳ್ಳುವ ಕಾಗದಗಳಲ್ಲಿ ‘ವಿಮೆಯವರು ಕೊಡದ ಹಣವನ್ನು ನಾನೇ ಭರಿಸುತ್ತೇನೆ’ ಎಂಬ ಅರ್ಥದ ಸಾಲೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಸಾಲಿನ ಕೆಳಗೆ, ಸಹಿಗೆ ಮೊದಲು, ಇನ್ನೊಂದು ಸಾಲಿಗೆ ಜಾಗವಿದೆ: ಈ ರೂಮಿಗಾದರೆ ಸುಮಾರು ಎಷ್ಟು, ಅದಕ್ಕಿಂತ ಕೆಳಗಿನ ರೂಮಿಗಾದರೆ ಎಷ್ಟು.