ರಜೆ ಬಂತು, ನೀರೂ ಚಿಲಕವೂ ಎಲ್ಲಿ?

2025ರ ಅಕ್ಟೋಬರದಲ್ಲಿ ರಾಜ್ಯದ ಮಂತ್ರಿಮಂಡಲವು ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಪಗಾರಸಹಿತ ಮುಟ್ಟಿನ ರಜೆ ಕೊಡಬೇಕೆಂದು ನಿರ್ಣಯಿಸಿದಾಗ ನಾವು ಉಣಕಲ್ ಕ್ರಾಸಿನ ಒಂದು ಚಹದಂಗಡಿಯಲ್ಲಿ ಕುಳಿತಿದ್ದೆವು. ಒಬ್ಬರು ಪತ್ರಿಕೆಯನ್ನು ದೊಡ್ಡ ದನಿಯಲ್ಲಿ ಓದಿದರು. ಉಳಿದವರು ನಕ್ಕರು. ನಕ್ಕವರಲ್ಲಿ ಮಾಲಕರು ಯಾರೂ ಇರಲಿಲ್ಲ. ಎಲ್ಲರೂ ಪಾಳಿ ಮುಗಿಸಿ ಬಂದ ಕಾಮಗಾರರು, ಕಿರಾಣಿ ಅಂಗಡಿಯವರು. ಈ ವಾರಪತ್ರಿಕೆಯ ಚಂದಾದಾರರೂ ಇಬ್ಬರಿದ್ದರು. “ನಮಗೂ ಒಂದ ಸೂಟಿ ಕೊಡಸ್ರಿ ಮಾಸ್ತರ” ಎಂದು ಒಬ್ಬರು ನಮ್ಮ ಕಡೆಗೇ ತಿರುಗಿ ಹೇಳಿದರು. ನಾವು ಸುಮ್ಮನೆ ಚಹ ಕುಡಿದು ಎದ್ದು ಬಂದೆವು. ಅಂದು ಸುಮ್ಮನಿದ್ದ ತಪ್ಪಿಗೆ ಈ ಲೇಖನವು ದಂಡವೆಂದು ವಾಚಕರು ತಿಳಿಯಲಿ.

ದಂಡ ತೆರಬೇಕಾದದ್ದು ಇನ್ನೂ ಒಂದಿದೆ. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಆರನೆಯ, ಏಳನೆಯ ಇಯತ್ತೆಯ ಹುಡುಗಿಯರು ತಿಂಗಳಿಗೆ ಮೂರು ದಿನ, ನಾಲ್ಕು ದಿನ ಬರುತ್ತಿರಲಿಲ್ಲ. ಮರುದಿನ ‘ಹೊಟ್ಟೆನೋವು’ ಎಂದು ಬರೆದ ಚೀಟಿ ತರುತ್ತಿದ್ದರು. ಎಲ್ಲರಿಗೂ ಒಂದೇ ಹೊಟ್ಟೆನೋವು ಹೇಗೆ ಬರುತ್ತದೆಂದು ನಾವು ವರ್ಗದ ಎದುರಿಗೇ ಕೇಳಿ ನಕ್ಕದ್ದುಂಟು. ಆ ಶಾಲೆಯಲ್ಲಿ ಹುಡುಗಿಯರಿಗೆಂದು ಒಂದು ಸಂಡಾಸು ಇತ್ತು. ಅದಕ್ಕೆ ಬೀಗ ಇತ್ತು. ಬೀಗದ ಕೈ ಮುಖ್ಯಾಧ್ಯಾಪಕರ ಮೇಜಿನ ಖಾನೆಯಲ್ಲಿತ್ತು. ಹನ್ನೆರಡು ವರ್ಷದ ಹುಡುಗಿ ಗಂಡಸರು ಕುಳಿತ ಕೋಣೆಗೆ ಹೋಗಿ ಆ ಕೈ ಕೇಳುವುದು ಆಗದ ಮಾತು ಎಂಬುದು ನಮಗೆ ಹೊಳೆಯಲು ನಮ್ಮ ಮನೆಯಲ್ಲಿ ಒಂದು ಹೆಣ್ಣು ಮಗು ಬೆಳೆಯಬೇಕಾಯಿತು.

ಈ ವಿಷಯ ಗಂಡಸರು ಬರೆಯತಕ್ಕದ್ದಲ್ಲ ಎಂದು ಕೆಲವರು ಅನ್ನುತ್ತಾರೆ. ಹಾಗಾದರೆ ಲೆಕ್ಕ ಮಾಡೋಣ. ಹನ್ನೆರಡು ಹದಿಮೂರರಿಂದ ನಲವತ್ತೆಂಟು ಐವತ್ತರವರೆಗೆ, ಬಸಿರು ಬಾಣಂತನದ ತಿಂಗಳುಗಳನ್ನು ಬಿಟ್ಟು 35 ವರ್ಷ ಹಿಡಿಯಿರಿ. ತಿಂಗಳಿಗೆ ಐದು ದಿನ. ಒಟ್ಟು 2,100 ದಿನಗಳು, ಅಂದರೆ ಹೆಚ್ಚುಕಡಿಮೆ ಆರು ವರ್ಷ. ನಮ್ಮ ತಾಯಂದಿರು, ಹೆಂಡಂದಿರು, ಮಕ್ಕಳು ತಮ್ಮ ದುಡಿಮೆಯ ಆಯುಷ್ಯದಲ್ಲಿ ಆರು ವರ್ಷ ಹೇಗೆ ಕಳೆಯುತ್ತಾರೆಂಬುದು ನಮಗೆ ಸಂಬಂಧಿಸಿದ್ದಲ್ಲವೆ? ಬೋನಸ್ಸಿನ ಒಂದು ತಿಂಗಳ ಪಗಾರಕ್ಕಾಗಿ ಗೇಟಿನ ಮುಂದೆ ಕೂಡುವವರು ಈ ಆರು ವರ್ಷದ ಮಾತನ್ನು ಚಹದಂಗಡಿಯ ನಗೆಗೆ ಬಿಟ್ಟುಕೊಡುವುದೆ?

ನಮ್ಮ ಓಣಿಯ ಅಕ್ಕ ಒಬ್ಬರು ಒಂದು ಕಾರಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ. ನಸುಕಿನಲ್ಲಿ ಅಡಿಗೆ ಮಾಡಿಟ್ಟು, ಚಿಗರಿ ಬಸ್ಸು ಹಿಡಿದು, ಮತ್ತೊಂದು ಬಸ್ಸು ಹತ್ತಿ, ಸಂಜೆ ಆರಕ್ಕೆ ತಿರುಗಿ ಬರುವವರು. ರಜೆಯ ಸುದ್ದಿಯನ್ನು ನಾವು ದೊಡ್ಡ ಗೆಲುವೆಂಬಂತೆ ಅವರಿಗೆ ಹೇಳಿದೆವು. ಅವರು ಹೇಳಿದ್ದನ್ನು ಹಾಗೆಯೇ ಕೊಡುತ್ತೇವೆ: “ಸೂಟಿ ಛೊಲೋ ಆತ್ರಿ ಮಾಸ್ತರ. ಒಂದ ದಿನಾ ಮನ್ಯಾಗ ಇರ್ತೇನಿ. ಉಳದ ನಾಕ ದಿನಾ ಏನ ಮಾಡ್ಲಿ? ಅಲ್ಲಿ ಸಂಡಾಸಕ್ಕ ಬಾಗಲಾ ಐತಿ, ಚಿಲಕಿಲ್ಲ. ಒಬ್ಬಾಕಿ ಒಳಗ ಹ್ವಾದ್ರ ಇನ್ನೊಬ್ಬಾಕಿ ಬಾಗಲಾ ಹಿಡಕೊಂಡ ನಿಂದರಬೇಕು. ನಲ್ಲಿ ಐತಿ, ನೀರಿಲ್ಲ. ಮುಂಜಾನೆ ಹಾಕ್ಕೊಂಡ ಹೋಗಿದ್ದ ಸಂಜಿಗೆ ಮನಿಗೆ ಬಂದ ಮ್ಯಾಲೇ ತಗ್ಯೂದು.”

ಕಾರಖಾನೆಯ ಹೆಸರು ಇಲ್ಲಿ ಬೇಡ. ಒಂದೇ ಕಾರಖಾನೆಯಾಗಿದ್ದರೆ ಹೆಸರು ಬರೆಯುತ್ತಿದ್ದೆವೇನೋ.

ಅಕ್ಕನ ಮಾತಿನಲ್ಲಿರುವ ಅಪಾಯವನ್ನು ಬಿಡಿಸಿ ಹೇಳಬೇಕು. ಪ್ಯಾಡು ಇರಲಿ, ಮಡಿಸಿದ ಬಟ್ಟೆ ಇರಲಿ, ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಸ್ರಾವ ಹೆಚ್ಚಿದ್ದರೆ ಇನ್ನೂ ಬೇಗ. ಹನ್ನೆರಡು ತಾಸು ಒಂದನ್ನೇ ಇಟ್ಟುಕೊಂಡರೆ ತೊಡೆ ಉಜ್ಜಿ ಹುಣ್ಣಾಗುತ್ತದೆ, ಚರ್ಮ ಕೆಡುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಸಂಡಾಸಿಗೆ ಹೋಗುವುದು ತಪ್ಪಲೆಂದು ಹೆಣ್ಣುಮಕ್ಕಳು ಮುಂಜಾನೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಗ ಉರಿಮೂತ್ರ ಬರುತ್ತದೆ. ಔಷಧದ ಖರ್ಚು ಯಾರ ಪಗಾರದಿಂದ ಹೋಗುತ್ತದೆ? ಮಾಲಕನು ಒಂದು ಚಿಲಕದಲ್ಲಿ ಉಳಿಸಿದ ಹಣವನ್ನು ಕಾಮಗಾರಳು ಔಷಧದ ಅಂಗಡಿಯಲ್ಲಿ ತುಂಬುತ್ತಾಳೆ.

ಈಗ ತಯಾರಿಯ ಮಾತು. ಇದರಲ್ಲಿ ಹೆಣ್ಣುಮಕ್ಕಳಿಗೆ ನಾವು ಕಲಿಸಬೇಕಾದದ್ದು ಕಡಿಮೆ, ಮನೆಯ ಗಂಡಸರು ಕಲಿಯಬೇಕಾದದ್ದು ಹೆಚ್ಚು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮುಟ್ಟು ಬಂದ ದಿನಕ್ಕೆ ಒಂದು ಚುಕ್ಕೆ ಇಟ್ಟರೆ ಮುಂದಿನದು ಯಾವಾಗ ಬರಬಹುದೆಂಬುದು ಗೊತ್ತಾಗುತ್ತದೆ. 21ರಿಂದ 35 ದಿನಗಳ ಒಳಗೆ ಬಂದರೆ ಸರಿ. ಪ್ರತಿಯೊಬ್ಬರಿಗೂ 28ನೆಯ ದಿನವೇ ಬರಬೇಕೆಂದಿಲ್ಲ. ಬೆಳೆಯುವ ಹುಡುಗಿಯರಿಗೆ ಮೊದಲ ಒಂದೆರಡು ವರ್ಷ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಕೆಲಸದ ಅಥವಾ ಶಾಲೆಯ ಚೀಲದಲ್ಲಿ ಯಾವಾಗಲೂ ಎರಡು ಪ್ಯಾಡು ಅಥವಾ ಶುದ್ಧ ಬಟ್ಟೆ, ಒಂದು ಒಳಚಡ್ಡಿ, ಸಾಬೂನಿನ ಚೂರು, ಸುತ್ತಲು ಹಳೆಯ ಪತ್ರಿಕೆಯ ಹಾಳೆ ಇರಲಿ. (ನಮ್ಮ ವಾರಪತ್ರಿಕೆಯಾದರೂ ಅಡ್ಡಿಯಿಲ್ಲ.) ಬಟ್ಟೆ ಬಳಸುವವರು ನಾಚಬೇಕಾದದ್ದೇನೂ ಇಲ್ಲ. ಹತ್ತಿಯ ಬಟ್ಟೆಯನ್ನು ಸಾಬೂನು ಹಚ್ಚಿ ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದರೆ ಅದು ಯಾವ ಕಂಪನಿಯ ಮಾಲಿಗೂ ಕಡಿಮೆಯಲ್ಲ. ಕೆಡುಕು ಇರುವುದು ಬಟ್ಟೆಯಲ್ಲಲ್ಲ. ಗಂಡಸರ ಕಣ್ಣಿಗೆ ಬೀಳಬಾರದೆಂದು ಅದನ್ನು ಬಚ್ಚಲ ಮೂಲೆಯ ಕತ್ತಲಲ್ಲಿ, ಸೀರೆಯ ಅಡಿಯಲ್ಲಿ ಹಸಿಯಾಗಿಯೇ ಇಡಿಸುತ್ತೇವಲ್ಲ, ಅದರಲ್ಲಿ. ಅಂಗಳದ ತಂತಿಯ ಮೇಲೆ ನಮ್ಮ ಬನಿಯನ್ನಿಗೆ ಇರುವ ಜಾಗ ಆ ಬಟ್ಟೆಗೂ ಸಿಕ್ಕಬೇಕು. ಉಣಕಲ್ಲಿನ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ನೋಡಿರಿ. ಬೆಳಕು ಹರಿಯುವ ಮೊದಲೇ ಕೆರೆಯ ದಂಡೆಗೆ ಹೋಗಿ ಒಗೆದು ತರುತ್ತಿದ್ದ ಕಥೆ ಹೇಳುತ್ತಾರೆ.

ಹೊಟ್ಟೆನೋವಿಗೆ ಬಿಸಿನೀರಿನ ಶಾಖ ಒಳ್ಳೆಯದು. ಅಂಗಡಿಯ ರಬ್ಬರಿನ ಚೀಲ ಇಲ್ಲದಿದ್ದರೆ ಬಾಟಲಿಗೆ ಬಟ್ಟೆ ಸುತ್ತಿದರಾಯಿತು. ನೋವಿನ ಗುಳಿಗೆಯನ್ನು ಉಂಡ ಮೇಲೆ ತಕ್ಕೊಳ್ಳಬೇಕು, ಬರಿ ಹೊಟ್ಟೆಯಲ್ಲಲ್ಲ. ಏಳು ದಿನಕ್ಕೂ ಹೆಚ್ಚು ಹೋದರೆ, ತಾಸಿಗೊಂದು ಪ್ಯಾಡು ತೊಯ್ದರೆ, ಗಡ್ಡೆ ಗಡ್ಡೆಯಾಗಿ ಬಿದ್ದರೆ, ನೋವಿಗೆ ಏಳಲಾರದಂತಾದರೆ ‘ಹೆಣ್ಣಿನ ಜನ್ಮ, ಸಹಿಸಬೇಕು’ ಎನ್ನದೆ ಡಾಕ್ಟರರ ಹತ್ತಿರ ಹೋಗಬೇಕು. ವಿದ್ಯಾನಗರದಲ್ಲಿ, ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರಕಾರಿ ದವಾಖಾನೆ ನಮಗೆ ದೂರವಿಲ್ಲ.

ರಕ್ತದ ಮಾತನ್ನೂ ಹೇಳಿಬಿಡುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ತಿಂಗಳು ತಿಂಗಳೂ ರಕ್ತ ಕಳಕೊಳ್ಳುವವಳು ಮನೆಯಲ್ಲಿ ಎಲ್ಲರದೂ ಆದ ಮೇಲೆ ಉಣ್ಣುತ್ತಾಳೆ. ಸಜ್ಜೆಯ ರೊಟ್ಟಿ, ನುಗ್ಗೆಸೊಪ್ಪು, ರಾಜಗಿರಿ, ಹೆಸರುಕಾಳು ಮೊದಲು ಅವಳ ತಾಟಿಗೆ ಬೀಳಲಿ, ಮೇಲೆ ಲಿಂಬೆ ಹಿಂಡಲಿ. ಊಟದ ಬೆನ್ನಿಗೇ ಚಹ ಬೇಡ, ಅದು ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಇನ್ನು ಅಂಗಡಿಕಾರ ಮಿತ್ರರಿಗೆ. ಹೆಣ್ಣುಮಗಳು ಪ್ಯಾಡಿನ ಪೊಟ್ಟಣ ಕೇಳಿದರೆ ನೀವು ಅದನ್ನು ಪತ್ರಿಕೆಯಲ್ಲಿ ಸುತ್ತಿ, ಕರಿಯ ಚೀಲದಲ್ಲಿ ಹಾಕಿ, ಕಳ್ಳಮಾಲಿನಂತೆ ಕೊಡುತ್ತೀರಿ. ಅವಳೂ ಗಿರಾಕಿಗಳು ಹೋಗುವವರೆಗೆ ಕಾಯುತ್ತ ನಿಲ್ಲುತ್ತಾಳೆ. ಬ್ಲೇಡು ಮಾರುವಾಗ ಯಾರಾದರೂ ಕರಿಯ ಚೀಲ ಕೊಡುತ್ತಾರೆಯೆ? ಮುಂದಿನ ಸಾಲಿನಲ್ಲಿ, ಸಾಬೂನಿನ ಪಕ್ಕಕ್ಕೆ ಇಡಿರಿ. ಪೂರ್ತಿ ಪೊಟ್ಟಣಕ್ಕೆ ಹಣವಿಲ್ಲದವಳಿಗೆ ಬಿಡಿಯಾಗಿ ಒಂದೆರಡು ಕೊಡಿರಿ. ಈ ವಸ್ತುವಿನ ಮೇಲೆ 2017ರ ಜುಲೈಯಲ್ಲಿ ನೂರಕ್ಕೆ 12ರಂತೆ ಜಿ.ಎಸ್.ಟಿ. ಹೇರಿದ್ದರು, ಸಿಂದೂರಕ್ಕೆ ತೆರಿಗೆ ಇಲ್ಲ, ಇದಕ್ಕೆ ಉಂಟು! ದೇಶದ ಹೆಣ್ಣುಮಕ್ಕಳು ಕೂಗೆಬ್ಬಿಸಿದ ಮೇಲೆ 2018ರ ಜುಲೈಯಲ್ಲಿ ತೆಗೆದರು. ಜನೌಷಧಿ ಅಂಗಡಿಗಳಲ್ಲಿ ಮಾರುವ ‘ಸುವಿಧಾ’ ಪ್ಯಾಡಿನ ದರವನ್ನು 2019ರಲ್ಲಿ ಒಂದಕ್ಕೆ 1 ರೂಪಾಯಿಗೆ ಇಳಿಸಲಾಯಿತು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ತಿಂಗಳಿಗೆ ಐವತ್ತು ಅರವತ್ತು ಬೇಕು. ಐದು ರೂಪಾಯಿ ಬೀಳುವ ಮಾಲಾದರೆ 300 ರೂಪಾಯಿ. ಗುಟಕಾದ ಖರ್ಚನ್ನು ಪಕ್ಕದಲ್ಲಿ ಬರೆದು ನೋಡಿರಿ ಎಂದು ಹೇಳಿದರೆ ನಮ್ಮ ಸಂಗಾತಿಗಳೇ ಸಿಟ್ಟಾಗುತ್ತಾರೆ, ಆದರೂ ಹೇಳಿದ್ದೇವೆ.

ಸರಕಾರಿ ಶಾಲೆಯ ಹುಡುಗಿಯರಿಗೆ ಪುಕ್ಕಟೆ ಪ್ಯಾಡು ಕೊಡುವ ‘ಶುಚಿ’ ಯೋಜನೆ 2013–14ರಲ್ಲಿ ಸುರುವಾಯಿತು. ಕರೋನಾ ಕಾಲದಲ್ಲಿ ನಿಂತದ್ದು 2024ರವರೆಗೆ ಏಳಲಿಲ್ಲ. ಆ ನಾಲ್ಕು ವರ್ಷ ಹುಡುಗಿಯರ ಮುಟ್ಟು ನಿಂತಿತ್ತೆ? ಪಡಿತರ ಒಂದು ತಿಂಗಳು ತಪ್ಪಿದರೆ ಕಚೇರಿಗೆ ಮುತ್ತಿಗೆ ಹಾಕುವ ನಾವು ಇದಕ್ಕೆ ಒಂದು ಅರ್ಜಿಯನ್ನೂ ಬರೆಯಲಿಲ್ಲ. ನಮ್ಮ ಪಕ್ಷವೂ ಬರೆಯಲಿಲ್ಲ.

‘ಹೊರಗಾಗಿದ್ದಾಳೆ, ಮುಟ್ಟಬೇಡ’ ಎನ್ನುವ ಮಡಿವಂತಿಕೆಯನ್ನು ಕುರಿತು ಹೆಚ್ಚು ಬರೆಯುವ ಇಚ್ಛೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ರಜಸ್ಸೂತಕವೂ ಅವುಗಳಲ್ಲೊಂದು. ಬಸವಜಯಂತಿಗೆ ವರ್ಗಣಿ ಎತ್ತುವ ಮನೆಗಳಲ್ಲಿಯೇ ಸೊಸೆ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿ ಕೂಡುವುದನ್ನು ನೋಡಿದ್ದೇವೆ. ಮುಟ್ಟಾದವರನ್ನು ಊರ ಹೊರಗೆ ಇಡುವುದನ್ನು ರಾಜ್ಯದ 2017ರ ಮೌಢ್ಯವಿರೋಧಿ ಕಾಯದೆ ಅಪರಾಧವೆಂದಿತು. ಆದರೂ 2023ರ ಜುಲೈಯಲ್ಲಿ ತುಮಕೂರು ಜಿಲ್ಲೆಯ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಮಳೆ ಚಳಿಗೆ ಇಟ್ಟರು. ಕೂಸು ತೀರಿತು.

ದುಡಿಮೆಯ ಜಗತ್ತಿನಲ್ಲಿ ಮಡಿಯಿಲ್ಲ, ಆದರೆ ಅದರ ಕ್ರೌರ್ಯ ಬೇರೆ. ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವವರು ಹಂಗಾಮಿಗೆ ನಮ್ಮ ಬೆಳಗಾವಿಯ ಕಡೆಗೂ ಬರುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ಮುಕಾದಮನು ದಂಡ ಹಾಕುತ್ತಾನೆ. ಮುಟ್ಟಿನ ದಿನಗಳಲ್ಲಿ ದಂಡ ಬೀಳುತ್ತದೆ, ಹೊಲದಲ್ಲಿ ನೀರಿಲ್ಲ, ಮರೆಯಿಲ್ಲ. ಆದ್ದರಿಂದ ಆ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳತೊಡಗಿದರು. 2019ರಲ್ಲಿ ಈ ಸುದ್ದಿ ಹೊರಬಿದ್ದ ಮೇಲೆ ಆ ಸರಕಾರ ಸಮಿತಿ ನೇಮಿಸಿತು. ವಿಚಾರಿಸಿದ 82 ಸಾವಿರದಷ್ಟು ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ಕಳಕೊಂಡಿದ್ದರು. ಚಹದಂಗಡಿಯಲ್ಲಿ ನಕ್ಕ ಸಂಗಾತಿಗಳು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕು. ಸಕ್ಕರೆ ಹಾಕಿದ ಚಹವನ್ನೇ ನಾವು ಅಲ್ಲಿ ಕುಡಿಯುತ್ತಿದ್ದೆವು.

ರಜೆ ಬೇಡವೆನ್ನುವವರು ನಾವಲ್ಲ. ಜಪಾನದಲ್ಲಿ 1947ರ ಶ್ರಮಕಾಯದೆಯಲ್ಲಿಯೇ ಈ ರಜೆ ಇತ್ತು. ಬಿಹಾರದಲ್ಲಿ ಸರಕಾರಿ ನೌಕರ ಹೆಂಗಸರಿಗೆ 1992ರಿಂದ ತಿಂಗಳಿಗೆ ಎರಡು ದಿನ ಉಂಟು. ನಮ್ಮಲ್ಲಿ ಆಜ್ಞೆ ಬಂದ ಕೂಡಲೆ ಹೋಟೆಲು ಮಾಲಕರ ಸಂಘವು ಹೈಕೋರ್ಟಿಗೆ ಹೋಯಿತು. ಮಾಲಕರ ಹೊಟ್ಟೆನೋವಿಗೆ ಚೀಟಿ ಬೇಕಾಗುವುದಿಲ್ಲ! ಆದರೆ ಆ ಆಜ್ಞೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳಿಗೆ, ಮನೆಗೆಲಸದವಳಿಗೆ, ಗಾರೆ ಹೊರುವವಳಿಗೆ ರಜೆ ಬರೆದುಕೊಡುವವರಾರು? ಅವಳಿಗೆ ಬೇಕಾದದ್ದು ಪೇಟೆಯಲ್ಲಿ ನೀರಿರುವ, ದೀಪವಿರುವ, ಐದು ರೂಪಾಯಿ ಕೇಳದ ಒಂದು ಸಂಡಾಸು. ಹೆಂಗಸರ ಸಂಡಾಸಿನ ಮಾತು ರಾಜಕಾರಣದ ಮಾತೆಂದು ಡಾ. ರಾಮಮನೋಹರ ಲೋಹಿಯಾ ಐವತ್ತು ಅರವತ್ತರ ದಶಕಗಳಲ್ಲಿಯೇ ಹೇಳುತ್ತ ಬಂದಿದ್ದರು.

ಕಾಮಗಾರರಿಗೆ ಬೇಡುವ ಹಕ್ಕು ಹೊಸದೇನೂ ಅಲ್ಲ. 1948ರ ಕಾರಖಾನೆ ಕಾಯದೆಯ 19ನೆಯ ಕಲಮು ಹೆಂಗಸರಿಗೆ ಬೇರೆಯಾದ, ಮರೆಯಿರುವ, ಬೆಳಕು ಗಾಳಿ ಇರುವ, ಶುದ್ಧವಾದ ಸಂಡಾಸು ಇರತಕ್ಕದ್ದೆಂದು ಹೇಳಿತ್ತು. 2025ರ ನವೆಂಬರ 21ರಿಂದ ಆ ಕಾಯದೆಯ ಜಾಗದಲ್ಲಿ ಹೊಸ ಸಂಹಿತೆ ಬಂತು; ಅದರಲ್ಲಿಯೂ ಹೊಣೆ ಮಾಲಕನದೇ. ಆದಕಾರಣ ಪ್ರತಿಯೊಂದು ಯುನಿಯನ್ನಿನ ಬೇಡಿಕೆಯ ಪಟ್ಟಿಯಲ್ಲಿ, ಬೋನಸ್ಸಿನ ಕೆಳಗಲ್ಲ, ಪಕ್ಕದಲ್ಲಿ ಇವು ಬರಲಿ: ಒಳಗಿನಿಂದ ಹಾಕುವ ಚಿಲಕ, ಪಾಳಿ ಮುಗಿಯುವವರೆಗೆ ನೀರು, ಮುಚ್ಚಳವಿರುವ ಡಬ್ಬಿ, ಮೇಸ್ತ್ರಿಯನ್ನು ಕೇಳದೆ ಹೋಗಿ ಬರುವ ಹತ್ತು ನಿಮಿಷ. ಪಟ್ಟಿ ಬರೆಯುವ ಕಮಿಟಿಯಲ್ಲಿ ಹೆಂಗಸರು ಇರಲಿ, ಇಲ್ಲದಿದ್ದರೆ ಚಿಲಕವನ್ನು ಮರೆತು ಪಂಖ ಬರೆಯುತ್ತೇವೆ. ನಮ್ಮ ಅನುಭವ ಹೇಳುತ್ತಿದ್ದೇವೆ.

ಡಬ್ಬಿಯ ಮಾತು ಬಂದದ್ದಕ್ಕೆ ಇನ್ನೊಂದು. ಬಳಸಿದ ಪ್ಯಾಡನ್ನು ಸಂಡಾಸಿನಲ್ಲಿ ಒಗೆದರೆ ಗಟಾರು ಕಟ್ಟುತ್ತದೆ. ಕಟ್ಟಿದ ಗಟಾರಿಗೆ ಇಳಿಸುವುದು ಯಾರನ್ನೆಂಬುದು ಎಲ್ಲರಿಗೂ ಗೊತ್ತು. ಹಾಗೆಯೇ ಕಸದಲ್ಲಿ ಒಗೆದರೆ ಅದನ್ನು ಬರಿಗೈಯಿಂದ ಬೇರ್ಪಡಿಸುವವಳು ಪೌರಕಾರ್ಮಿಕ ಹೆಣ್ಣುಮಗಳು. ಪತ್ರಿಕೆಯಲ್ಲಿ ಗಟ್ಟಿಯಾಗಿ ಸುತ್ತಿ, ಮೇಲೆ ಒಂದು ಗುರುತು ಹಾಕಿ, ಕಸದ ಗಾಡಿ ಬಂದಾಗ ಬೇರೆಯಾಗಿ ಅವಳ ಕೈಗೆ ಕೊಡಿರಿ. ಅವಳಿಗೂ ತಿಂಗಳಿಗೆ ಐದು ದಿನ ಇದೇ ಪಾಡು, ಮುಂಜಾನೆಯಿಂದ ಬೀದಿಯಲ್ಲಿ. ನಿಮ್ಮ ಓಣಿಯಲ್ಲಿ ಯಾರ ಮನೆಯ ಬಚ್ಚಲು ಅವಳಿಗೆ ತೆರೆದಿದೆ ಎಂದು ಕೇಳಿ ಬರೆದು ಕಳಿಸಿರಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.