ಚಲನೆಯ ಪದಗಳು ಮತ್ತು ಅನುವಾದಕನ ಹೊಣೆ

ಇಂಗ್ಲಿಷ್ ಮತ್ತು ಜರ್ಮನ್ ಒಂದೇ ಭಾಷಾಕುಲದ ಸೋದರಿಯರಾದುದರಿಂದ ಅವುಗಳ ನಡುವಣ ಅನುವಾದ ಸುಲಭವೆಂಬ ನಂಬಿಕೆಯುಂಟು. ಭಾಷಾವಿಜ್ಞಾನವೂ ಇದಕ್ಕೆ ಒಂದು ಮಟ್ಟಿಗೆ ಪುಷ್ಟಿ ನೀಡುತ್ತದೆ. ಲಿಯೊನಾರ್ಡ್ ಟಾಲ್ಮಿ 1985ರಲ್ಲಿ ಮಂಡಿಸಿದ ವಿಚಾರದಿಂದ ಬೆಳೆದ ವರ್ಗೀಕರಣದಲ್ಲಿ ಇವೆರಡೂ ಒಂದೇ ಗುಂಪಿಗೆ ಸೇರುತ್ತವೆ: ಚಲನೆಯ ರೀತಿಯನ್ನು ಕ್ರಿಯಾಪದವು ಹೇಳಿದರೆ, ಪಥವನ್ನು ಅದಕ್ಕೆ ಹೊಂದಿಕೊಂಡ ಕಿರುಪದವು ಹೇಳುತ್ತದೆ. ಆದರೆ ವೇಗ ಹಾಗೂ ಚಲನೆಯ ಪದಗಳನ್ನು ಅನುವಾದಿಸುವಾಗ ಈ ಸಾಮ್ಯದ ಮಿತಿ ಗೋಚರಿಸುತ್ತದೆ. ಇಲ್ಲಿನ ತೊಡಕು ಪದದಾರಿದ್ರ್ಯದ್ದಲ್ಲ. ಇಂಗ್ಲಿಷ್ ಹೇಳದೆ ಬಿಟ್ಟದ್ದನ್ನು ಜರ್ಮನ್ ಹೇಳಲೇಬೇಕಾಗಿರುವುದರದು.

'ಪೇಸ್' ಎಂಬ ಪದವನ್ನೇ ಗಮನಿಸಬಹುದು. ಅದು ವೇಗವಾದರೆ ಜರ್ಮನ್‌ನಲ್ಲಿ 'ಟೆಂಪೊ', ಇಟ್ಟ ಹೆಜ್ಜೆಯಾದರೆ 'ಶ್ರಿಟ್', ಕುದುರೆಯ ನಡಿಗೆಯ ಬಗೆಯಾದರೆ 'ಗಾಂಗ್‌ಆರ್ಟ್'. ಭಾರವಾದ ನಡಿಗೆಯನ್ನು ಹೇಳುವ 'ಟ್ರಡ್ಜ್' ಕೂಡ ಹೀಗೆಯೇ ಒಡೆಯುತ್ತದೆ. ಹಿಮದಲ್ಲೋ ಕೆಸರಿನಲ್ಲೋ ಕಾಲು ಹೂತು ನಡೆದರೆ 'ಶ್ಟಾಪ್‌ಫೆನ್', ಉತ್ಸಾಹವಿಲ್ಲದೆ ನಡೆದರೆ 'ಟ್ರೊಟ್ಟೆನ್', ದಣಿದು ಮೈಯನ್ನು ಎಳೆದುಕೊಂಡು ನಡೆದರೆ 'ಜಿಖ್ ಶ್ಲೆಪ್ಪೆನ್'. ಭಾರಕ್ಕೆ ಕಾರಣವೇನೆಂಬುದನ್ನು ಅನುವಾದಕ ಸಂದರ್ಭದಿಂದ ಊಹಿಸಿ ನಿರ್ಧರಿಸಬೇಕು. 'ಗೋ' ಎಂಬ ಸರಳ ಕ್ರಿಯಾಪದವೂ ನಿರಪಾಯಕಾರಿಯಲ್ಲ. ಒಬ್ಬಳು ಬರ್ಲಿನ್ನಿಗೆ ಹೋದಳೆಂದರೆ ಇಂಗ್ಲಿಷಿಗೆ ಅಷ್ಟೇ ಸಾಕು. ಜರ್ಮನ್‌ನಲ್ಲಿ ವಾಹನದ ಪ್ರಯಾಣಕ್ಕೆ 'ಫಾರೆನ್', ವಿಮಾನಕ್ಕೆ 'ಫ್ಲೀಗೆನ್'. 'ಗೇಯೆನ್' ಬಳಸಿದರೆ ಅಲ್ಲಿ ನೆಲೆಸಲು ಹೋದಳೆಂಬ ಅರ್ಥವೂ ಬರಬಹುದು.

ಇದಕ್ಕಿಂತ ಸೂಕ್ಷ್ಮವಾದುದು 'ಹಿನ್' ಮತ್ತು 'ಹೆರ್' ಎಂಬ ಜೋಡಿ. ಮೊದಲನೆಯದು ನೋಡುವವನಿಂದ ದೂರ ಸಾಗುವ ಚಲನೆಯನ್ನು, ಎರಡನೆಯದು ಅವನತ್ತ ಬರುವ ಚಲನೆಯನ್ನು ಸೂಚಿಸುತ್ತದೆ. ಹುಡುಗನೊಬ್ಬ ಮೆಟ್ಟಿಲೇರಿ ಓಡಿದನೆಂಬ ಇಂಗ್ಲಿಷ್ ವಾಕ್ಯದಲ್ಲಿ ನಿರೂಪಕ ಕೆಳಗಿದ್ದಾನೆಯೋ ಮೇಲಿದ್ದಾನೆಯೋ ತಿಳಿಯದು. ಜರ್ಮನ್ ಅನುವಾದಕ 'ಹಿನೌಫ್' ಅಥವಾ 'ಹೆರೌಫ್' ಎಂದು ಬರೆದೊಡನೆ ನಿರೂಪಕನಿಗೆ ಒಂದು ಸ್ಥಾನ ನಿಗದಿಯಾಗುತ್ತದೆ. ಆಡುಮಾತು ಇವೆರಡನ್ನೂ 'ರೌಫ್' ಎಂದು ಒಂದಾಗಿಸುವುದುಂಟು. ಬರವಣಿಗೆಯ ನಿರೂಪಣೆಯಲ್ಲಿ ಆ ಅನುಕೂಲ ಕಡಿಮೆ. ಹೀಗೆ ವ್ಯಾಕರಣದ ಒಂದು ಕಿರುಪದ ಕಥನದ ದೃಷ್ಟಿಕೋನವನ್ನೇ ನಿರ್ಣಯಿಸುತ್ತದೆ.

ಕನ್ನಡದ ಅನುವಾದ ಚಿಂತನೆಗೆ ಈ ಸಂಗತಿ ದೂರದ್ದಲ್ಲ. 'ಓಡಿಹೋದ', 'ಓಡಿಬಂದ' ಎಂಬಲ್ಲಿ ಕನ್ನಡವೂ ನೋಡುವವನ ಸ್ಥಾನವನ್ನು ಸಹಜವಾಗಿ ಹೇಳುತ್ತದೆ. ಆದರೆ ಜರ್ಮನ್ ಕೃತಿಗಳು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದಾಗ, ಮೂಲದಲ್ಲಿದ್ದ 'ಹಿನ್–ಹೆರ್' ಭೇದ ನಡುದಾರಿಯಲ್ಲೇ ಅಳಿಸಿಹೋಗಬಹುದು. ಆಗ ಕನ್ನಡ ಅನುವಾದಕ ತನ್ನ ಊಹೆಯಿಂದ 'ಹೋದ' ಅಥವಾ 'ಬಂದ' ಎಂದು ತುಂಬುತ್ತಾನೆ. ಓದುಗನು ಮೂಲಲೇಖಕ ನಿಲ್ಲಿಸದ ಜಾಗದಲ್ಲಿ ನಿಂತು ದೃಶ್ಯವನ್ನು ನೋಡುತ್ತಾನೆ. ಎರಡು ತುದಿಯ ಭಾಷೆಗಳಲ್ಲೂ ಇರುವ ಸೌಲಭ್ಯ ಮಧ್ಯದ ಭಾಷೆಯಿಂದಾಗಿ ನಷ್ಟವಾಗುವುದು ವಿಷಾದಕರ.

ಆದುದರಿಂದ ಅನುವಾದ ಅಧ್ಯಯನವು ಸಮಾನಪದಗಳ ಪಟ್ಟಿಗೆ ಸೀಮಿತವಾಗಬಾರದು. ಪ್ರತಿಯೊಂದು ಭಾಷೆ ಏನನ್ನು ಹೇಳಬಲ್ಲದು ಎಂಬುದರ ಜೊತೆಗೆ, ಏನನ್ನು ಹೇಳದೆ ಇರಲಾರದು ಎಂಬುದೂ ತರಗತಿಯ ಪ್ರಶ್ನೆಯಾಗಬೇಕು. ಇಂಗ್ಲಿಷ್ ಮಧ್ಯಸ್ಥಿಕೆ ಅನಿವಾರ್ಯವಾದಲ್ಲಿ, ಇಂತಹ ಎಡೆಗಳಲ್ಲಾದರೂ ಜರ್ಮನ್ ಮೂಲವನ್ನು ಬಲ್ಲವರ ನೆರವಿನಿಂದ ಪರಿಶೀಲಿಸುವುದು ಅನುವಾದಕನ ಕನಿಷ್ಠ ಹೊಣೆಯೆನಿಸುತ್ತದೆ.